ಬೇಡ ಅಂದವಳು

ಮೃತ್ಯುಂಜಯ ತೊಂಬತ್ತರ ದಶಕವಿಡೀ ದೇವರಾಜ ಮೊಹಲ್ಲಾದ ಒಂದು ಮಹಡಿಯ ಮೇಲೆ ಕಂಪ್ಯೂಟರ್ ಪಾಠ ಹೇಳಿಕೊಂಡಿದ್ದವನು. ಯಾರನ್ನೂ ಗದರಿಸಿ ಗೊತ್ತಿಲ್ಲ. ಒಂಟಿಕೊಪ್ಪಲಿನ ಸಣ್ಣ ಸಾಫ್ಟ್‌ವೇರ್ ಕಂಪನಿಯವರು ಅವನನ್ನು ಕರೆದು ಆರು ಜನರ ತಂಡಕ್ಕೆ ಮುಖ್ಯಸ್ಥನನ್ನಾಗಿ ಮಾಡಿದ್ದು ಆ ಗುಣಕ್ಕೇ.

ನರ್ಸಿಂಗ್ ಹೋಮುಗಳ ರಕ್ತಪರೀಕ್ಷೆಯ ವರದಿ ತಯಾರಿಸುವ ಸಾಫ್ಟ್‌ವೇರ್ ಅವರದು. ಹದಿನೈದು ದಿನಕ್ಕೊಮ್ಮೆ ಅದರ ಹೊಸ ಆವೃತ್ತಿಯ ರಿಲೀಸ್. ದಿನಾ ಬೆಳಿಗ್ಗೆ ತಂಡವೆಲ್ಲ ಕಿಟಕಿಯ ಬಳಿ ನಿಂತು, ಯಾರ ಕೆಲಸ ಎಲ್ಲಿಗೆ ಬಂತು, ಎಲ್ಲಿ ತಡೆಯಿತು ಎಂದು ಹೇಳಿಕೊಳ್ಳುತ್ತಿತ್ತು. ಮೃತ್ಯುಂಜಯ ತಾನಾಗಿ ಒಂದು ನಿಯಮ ತಂದಿದ್ದ: "ಒಬ್ಬರು ಬೇಡ ಅಂದ್ರೂ ರಿಲೀಸ್ ಇಲ್ಲ. ಹೊಸಬರಾದ್ರೂ ಸರಿ, ಹಳಬರಾದ್ರೂ ಸರಿ."

ಎರಡು ಸಾವಿರದ ಏಳರಲ್ಲಿ, ಒಂದು ಶುಕ್ರವಾರ, ಟೆಸ್ಟಿಂಗ್, ಅಂದರೆ ಸಾಫ್ಟ್‌ವೇರಿನ ತಪ್ಪು ಹುಡುಕುವುದೇ ಕೆಲಸವಾಗಿದ್ದ ಚಾಮುಂಡೇಶ್ವರಿ ಬೇಡ ಅಂದಳು.

"ಒಂದೇ ಹೆಸರಿನ ಇಬ್ಬರು ಬಂದ್ರೆ ರಿಪೋರ್ಟ್ ಅದಲುಬದಲಾಗ್ತಿದೆ ಸಾರ್. ಮೂರು ಸಲ ನೋಡ್ದೆ. ಈ ಊರಲ್ಲಿ ಮಹದೇವಪ್ಪಾ ಅಂತ ಕೂಗಿದ್ರೆ ಬೀದಿಗೆ ನಾಲ್ಕು ಜನ ತಿರುಗಿ ನೋಡ್ತಾರೆ."

ಮಾಲೀಕ ಸುಂದರೇಶ ಮೃತ್ಯುಂಜಯನನ್ನು ಒಳಗೆ ಕರೆಸಿಕೊಂಡ. "ಸೋಮವಾರ ನರ್ಸಿಂಗ್ ಹೋಮಿನವರ ಹೊಸ ಲ್ಯಾಬ್ ಉದ್ಘಾಟನೆ ಕಣ್ರೀ. ಹಾಕ್ಬುಡಿ. ಆಮೇಲೆ ಸರಿ ಮಾಡಿದ್ರಾಯ್ತು."

ಮೃತ್ಯುಂಜಯನ ಬಾಯಲ್ಲಿ ಆಗೋಲ್ಲ ಎಂಬ ಮಾತು ಬರಲಿಲ್ಲ. ಅವಳು ಪಟ್ಟಿಯಲ್ಲಿ ಬರೆದಿದ್ದ ದೋಷದ ಮುಂದೆ 'ಮುಂದಿನ ಸಲ' ಎಂದು ತಾನೇ ಬರೆದು, ಸಾಫ್ಟ್‌ವೇರ್ ಹಾಕಿಸಿದ.

ಬುಧವಾರ ಮಹದೇವಪ್ಪ ಎಂಬ ನಿವೃತ್ತ ಮೇಷ್ಟ್ರ ಕೈಗೆ ಸಕ್ಕರೆ ವಿಪರೀತ ಏರಿದ್ದ ಇನ್ನೊಬ್ಬ ಮಹದೇವಪ್ಪನ ವರದಿ ಹೋಯಿತು. ಡಾಕ್ಟರು ಅದನ್ನು ನಂಬಿ, ಮೇಷ್ಟ್ರು ಮೊದಲಿಂದ ತೆಗೆದುಕೊಳ್ಳುತ್ತಿದ್ದ ಇನ್ಸುಲಿನ್ ಹೆಚ್ಚಿಸಿದರು. ಮೇಷ್ಟ್ರು ಪ್ರಜ್ಞೆ ತಪ್ಪಿ ಬಿದ್ದು ಮೂರು ದಿನ ಕಣ್ಣು ಬಿಡಲಿಲ್ಲ. ಬದುಕಿದರು, ಆದರೆ ನಾಲಿಗೆ ತೊದಲಿತು, ಮೊಮ್ಮಕ್ಕಳ ಹೆಸರು ಮರೆತುಹೋಯಿತು.

ನರ್ಸಿಂಗ್ ಹೋಮಿನವರ ಎದುರಿಗೇ ವಿಚಾರಣೆಯಾಯಿತು. "ಟೆಸ್ಟಿಂಗ್‌ನೋರು ನಿಮಗೆ ಹೇಳಿದ್ರಾ?" ಎಂದು ಸುಂದರೇಶ ಏನೂ ಅರಿಯದವನ ಹಾಗೆ ಕೇಳಿದ. ಚಾಮುಂಡೇಶ್ವರಿ ಮೃತ್ಯುಂಜಯನ ಮುಖವನ್ನೇ ನೋಡುತ್ತಿದ್ದಳು.

"ಹೇಳಿದ್ರು... ಇಷ್ಟು ಗಂಭೀರ ಅಂತ ಹೇಳಿರಲಿಲ್ಲ," ಎಂದ ಮೃತ್ಯುಂಜಯ.

ಅದೇ ವಾರ ಚಾಮುಂಡೇಶ್ವರಿಯ ಕೆಲಸ ಹೋಯಿತು. ಯುಗಾದಿಯ ಹೊತ್ತಿಗೆ ಮೃತ್ಯುಂಜಯ ಮ್ಯಾನೇಜರ್ ಆದ.

ಬೆಳಗಿನ ಸಭೆ ನಿಲ್ಲಲಿಲ್ಲ, ಆದರೆ ಐದೇ ನಿಮಿಷಕ್ಕೆ ಮುಗಿಯತೊಡಗಿತು. "ಎಲ್ಲಾ ಸರಿಯಾಗಿದೆ ಸಾರ್" ಎಂದು ಒಬ್ಬೊಬ್ಬರಾಗಿ ಹೇಳಿ ಕುರ್ಚಿಗೆ ಮರಳುತ್ತಿದ್ದರು. "ಏನಾದ್ರೂ ತೊಂದರೆ ಇದ್ರೆ ಹೇಳ್ರಪ್ಪಾ" ಎಂದು ಅವನು ಅಂಗಲಾಚಿದರೂ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಅವರಿಗೆ ಹೆದರಿಕೆ ಸುಂದರೇಶನದಲ್ಲ, ತನ್ನದೇ ಎಂಬುದು ಅವನಿಗೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ.

ವರ್ಷ ಕಳೆದ ಮೇಲೆ ಕೃಷ್ಣಮೂರ್ತಿಪುರಂನಲ್ಲಿದ್ದ ಅವಳ ಮನೆ ಹುಡುಕಿಕೊಂಡು ಹೋದ. ಅವಳು ಕೂರಿಸಿ ಕಾಫಿ ಕೊಟ್ಟಳು. ಆ ಕೆಲಸ ಹೋದ ಮೇಲೆ ಅವಳಿಗೆ ಬೇರೆಲ್ಲೂ ಕೆಲಸ ಸಿಕ್ಕಿರಲಿಲ್ಲ; ಕಳಂಕ ಅವಳಿಗಿಂತ ಮುಂಚೆಯೇ ಎಲ್ಲ ಬಾಗಿಲು ತಟ್ಟಿತ್ತು.

"ನನ್ನಿಂದ ತಪ್ಪಾಯ್ತು ಚಾಮುಂಡೇಶ್ವರಿ."

"ಅದು ನನಗೆ ಗೊತ್ತಿರೋದೇ ಸಾರ್. ಗೊತ್ತಿಲ್ಲದೋರಿಗೆ ಹೋಗಿ ಹೇಳಿ. ಆಫೀಸಲ್ಲಿ ಹೇಳಿ, ಆ ಮೇಷ್ಟ್ರ ಮನೇಲಿ ಹೇಳಿ."

"ಹೇಳ್ತೀನಿ," ಎಂದ. ಸ್ಕೂಟರ್ ಹತ್ತುವಾಗ ನಿಜವಾಗಿಯೂ ಹೇಳಬೇಕೆಂದೇ ಇದ್ದ. ಸೋಮವಾರ ಬಂತು, ಇನ್ನೊಂದು ಸೋಮವಾರವೂ ಬಂತು. ಅವನು ಯಾರಿಗೂ ಹೇಳಲಿಲ್ಲ.