ಗದಿಗೆವ್ವನ ಬಾಯುರಿ

ಬ್ಯಾಡಗಿಯ ಗದಿಗೆವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುವವಳು. ಘಾಟು ತಡೆಯಲೆಂದು ದವಡೆಯಲ್ಲಿ ತಂಬಾಕು ಇಟ್ಟುಕೊಂಡೇ ರಾಶಿಯ ಮುಂದೆ ಕೂರುತ್ತಿದ್ದಳು. ಬಾಯಿ ಉರಿಯತೊಡಗಿದಾಗ ಯಾರಿಗೂ ವಿಶೇಷವೆನಿಸಲಿಲ್ಲ. ಅಲ್ಲಿ ಕಣ್ಣು, ಮೂಗು, ಕೈ ಎಲ್ಲವೂ ಉರಿಯುತ್ತವೆ.

ಆಶಾ ಕಾರ್ಯಕರ್ತೆ ಬೇನಜೀರ ಬಾಯಿಯ ಕ್ಯಾನ್ಸರ್ ತಪಾಸಣೆಗೆ ಕರೆದಾಗಲೆಲ್ಲ ಅವಳು ಸಿಡುಕುತ್ತಿದ್ದಳು: "ಕಾಯಿ ಮುಟ್ಟೋರ ಬಾಯಿ ಉರೀದ ತಂಪಾಗಿರತೈತೇನ? ಅಷ್ಟಕ್ಕ ಕೆಲಸ ಬಿಟ್ಟು ದವಾಖಾನಿಗೆ ಬರಬೇಕೇನ?"

ಮಳೆಗಾಲದಲ್ಲಿ ಕೆಲಸ ನಿಂತಿತು. ಈ ಸಲ ಬೇನಜೀರ ಕ್ಯಾನ್ಸರಿನ ಮಾತೆತ್ತದೆ ಮನೆಗೆ ಬಂದು ಕೂತಳು. ಗದಿಗೆವ್ವ ಬರೀ ಮೊಸರು ಹಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದಳು.

"ಖಾರ ಬ್ಯಾಡೇನ್ರಿ ಅವ್ವಾರ?"

"ಬಾಯಿ ಉರಿತೈತವ್ವಾ."

"ಕಾಯಿ ಮುಟ್ಟಿ ತಿಂಗಳಾತಲ್ರೀ. ಈಗ್ಯಾಕ ಉರಿತೈತಿ?"

ಗದಿಗೆವ್ವ ರೊಟ್ಟಿ ಕೆಳಗಿಟ್ಟಳು. ಮರುದಿನ ತಾನೇ ಆಸ್ಪತ್ರೆಗೆ ಹೋದಳು. ಕೆನ್ನೆಯ ಒಳಗಿದ್ದ ಬಿಳಿ ಮಚ್ಚೆ ಕ್ಯಾನ್ಸರ್ ಆಗುವ ಮೊದಲೇ ಸಿಕ್ಕಿತು. ವೈದ್ಯರು ಅದನ್ನು ತೆಗೆದರು, ತಂಬಾಕನ್ನೂ ಬಿಡಿಸಿದರು.

ಈಗ ಮತ್ತೆ ಸುಗ್ಗಿ. ರಾಶಿಯ ಮುಂದೆ ಯಾರಾದರೂ ಬಾಯಿ ಉರಿ ಎಂದರೆ ಗದಿಗೆವ್ವ ಕೇಳುವುದು ಒಂದೇ ಮಾತು: "ಮನ್ಯಾಗೂ ಉರಿತೈತೇನ?" ಹೌದು ಎಂದವಳ ಕೈಯಿಂದ ಕಾಯಿ ಕಸಿದು, ರಟ್ಟೆ ಹಿಡಿದು ಎಬ್ಬಿಸುತ್ತಾಳೆ.