ಸಜ್ಜೆ ಹಿಟ್ಟಿನ ಒಂಟೆ

ಗೌರಿ ಹುಣ್ಣಿಮೆಯ ದಿನ, ಬೆಳಿಗ್ಗೆ ಆರೂವರೆ. ಕುಷ್ಟಗಿಯ ನಮ್ಮ ಮನೆಯ ಅಡಿಗೆಮನೆ. ಹಾಜರಿದ್ದವರು ಮೂವರು: ನಾನು, ನನ್ನ ಸೊಸೆ, ಎಂಟು ವರ್ಷದ ಮೊಮ್ಮಗಳು. ಮೊಮ್ಮಗಳು ಹಾಜರಿದ್ದಳು ಎನ್ನಬೇಕಷ್ಟೆ. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ಕುಳಿತಿದ್ದಳು.

ಹೀಗೆ ಬರೆದಿಡುವುದು ನರ್ಸ್ ಕೆಲಸದಿಂದ ಬಂದ ರೂಢಿ. ಪಾಳಿ ಮುಗಿದಾಗ ಯಾರಿದ್ದರು, ಎಷ್ಟು ಗಂಟೆ, ಯಾರಿಗೆ ಏನು ಕೊಟ್ಟೆವು ಎಂದು ಬರೆದೇ ಮನೆಗೆ ಹೋಗಬೇಕಿತ್ತು. ನಿವೃತ್ತಿಯಾದ ಮೇಲೆ ವಾರ್ಡು ಹೋಯಿತು, ರೂಢಿ ಉಳಿಯಿತು.

ಗೌರಿ ಹುಣ್ಣಿಮೆಗೆ ನಮ್ಮ ಕಡೆ ಹೆಣ್ಣುಮಕ್ಕಳು ತಟ್ಟೆಯಲ್ಲಿ ದೀಪ ಮತ್ತು ಸಕ್ಕರೆ ಆರತಿ ಇಟ್ಟುಕೊಂಡು ಓಣಿಯ ಗುಡಿಗೆ ಹೋಗುತ್ತಾರೆ. ಸಕ್ಕರೆ ಪಾಕವನ್ನು ಕಟ್ಟಿಗೆಯ ಅಚ್ಚಿಗೆ ಹೊಯ್ದು ತೆಗೆದ ಬೆಳ್ಳನೆಯ ಆನೆ, ಒಂಟೆ, ಗಿಳಿಗಳೇ ಸಕ್ಕರೆ ಆರತಿ. ನಮ್ಮ ಮನೆಯಲ್ಲಿ ಎರಡೆರಡು ಹೋಳಿನ ಎಂಟು ಜೋಡಿ ಅಚ್ಚುಗಳಿವೆ. ನನ್ನ ತಂದೆ ಕಿನ್ನಾಳದಲ್ಲಿ ಹೇಳಿ ಮಾಡಿಸಿದ್ದು.

ತಿಂಗಳ ಹಿಂದೆ ಮೊಮ್ಮಗಳನ್ನು ಕೊಪ್ಪಳಕ್ಕೆ ಕರೆದುಕೊಂಡು ಹೋಗಿದ್ದೆವು. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ರಕ್ತ ಕಡಿಮೆ ಇದೆ ಎಂದರು ಡಾಕ್ಟರು. ಔಷಧ ಬರೆದುಕೊಟ್ಟು, ಬಿಸ್ಕತ್ತು, ಚಾಕಲೇಟು, ಸಕ್ಕರೆ ಮಿಠಾಯಿಗಳಿಂದಲೇ ಹೊಟ್ಟೆ ತುಂಬಿಸಿಕೊಳ್ಳುವುದನ್ನು ಬಿಡಿಸಿರಿ, ಊಟದ ಜೊತೆ ಎಳ್ಳು, ಸಜ್ಜೆ, ಸೊಪ್ಪು ತಿನ್ನಿಸಿರಿ ಎಂದರು. ಮರುದಿನವೇ ನಾನು ಎಳ್ಳು ಹಾಕಿ ಸಜ್ಜೆ ಉಂಡೆ ಕಟ್ಟಿದೆ. ದಿನಕ್ಕೆ ಎರಡು, ಬೆಳಿಗ್ಗೆ ಎಂಟಕ್ಕೆ, ಸಂಜೆ ಐದಕ್ಕೆ. ಡಬ್ಬಿ ಖಾಲಿಯಾಗುತ್ತಿತ್ತು, ನನಗೆ ಸಮಾಧಾನವಾಗಿತ್ತು. ಆರನೆಯ ದಿನ ಹಿತ್ತಲಿನ ಪೇರಲ ಗಿಡದ ಬುಡಕ್ಕೆ ಇರುವೆ ಸಾಲುಗಟ್ಟಿದ್ದು ನೋಡಿ ಮಣ್ಣು ಕೆದರಿದೆ. ಉಂಡೆಗಳೆಲ್ಲ ಅಲ್ಲಿದ್ದವು.

ಹುಣ್ಣಿಮೆ ಹತ್ತಿರ ಬಂದಾಗ ಸೊಸೆ, ಈ ವರ್ಷ ಸಕ್ಕರೆ ಆರತಿ ಮಾಡುವುದು ಬೇಡ, ಬರೀ ದೀಪ ಒಯ್ಯಲಿ ಎಂದಳು. ಹುಡುಗಿ ಅಳಲಿಲ್ಲ, ಹಟ ಮಾಡಲಿಲ್ಲ. ಹೊಸ ಲಂಗವನ್ನು ಮಡಚಿ ಕಪಾಟಿನಲ್ಲಿಟ್ಟು ಬಂದಳು.

"ಹಂಗಾರ ನಾ ಹೋಗಂಗಿಲ್ಲ. ಎಲ್ಲಾರ ತಾಟ ತುಂಬಿರತಾವ."

ಆ ಮಡಚಿದ ಲಂಗ ನನಗೆ ಸರಿ ಕಾಣಲಿಲ್ಲ. ತಾಟು ತುಂಬ ಆರತಿ ಇರುತ್ತವೆ, ಅದರಲ್ಲಿ ಸಕ್ಕರೆ ಮಾತ್ರ ಇರುವುದಿಲ್ಲ ಎಂದು ಮಾತು ಕೊಟ್ಟುಬಿಟ್ಟೆ. ಸೊಸೆ ಪಾತ್ರೆ ತೊಳೆಯುತ್ತಲೇ ಹೇಳಿದಳು: "ಅತ್ತೀ, ಆಗದ ಮಾತ ಕೊಡಬ್ಯಾಡ್ರಿ. ಆಕಿ ಎದುರು ನೋಡ್ಕೋಂತ ಕುಂದ್ರತಾಳ."

ಅವಳು ಹೇಳಿದ್ದು ಸುಳ್ಳಲ್ಲ. ಭಾನುವಾರ ಬರೀ ಬೆಲ್ಲದ ಪಾಕ ಹೊಯ್ದು ನೋಡಿದೆ. ಸಕ್ಕರೆಯಂತೆ ಗಟ್ಟಿಯಾಗಲಿಲ್ಲ. ಡಾಂಬರಿನ ಹಾಗೆ ಹಿಡಿದುಕೊಂಡಿತು. ಗಿಳಿಯ ಅಚ್ಚನ್ನು ಬಿಸಿನೀರಿನಲ್ಲಿ ಹಾಕಿ ಬಿಡಿಸಬೇಕಾಯಿತು.

ಹಾಗಾಗಿ ಹುಣ್ಣಿಮೆಯ ಬೆಳಿಗ್ಗೆ ಬೇರೆ ದಾರಿ ಹಿಡಿದೆ. ಸಜ್ಜೆ ಹಿಟ್ಟನ್ನು ತುಪ್ಪದಲ್ಲಿ ಘಮ್ಮೆನ್ನುವವರೆಗೆ ಹುರಿದೆ. ಎಳ್ಳು ಹುರಿದು ಕುಟ್ಟಿದೆ. ಪುಟಾಣಿ ಹಿಟ್ಟು, ಅಂದರೆ ಹುರಿಗಡಲೆ ಹಿಟ್ಟು, ಬೆರೆಸಿ, ಏಲಕ್ಕಿ ಹಾಕಿ, ಕರಗಿಸಿ ಸೋಸಿದ ಬೆಲ್ಲ ಹೊಯ್ದು, ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿದೆ. ಇದನ್ನು ಹೊಯ್ಯುವುದಲ್ಲ, ಅಚ್ಚಿನಲ್ಲಿ ಒತ್ತುವುದು. ಅಚ್ಚುಗಳನ್ನು ಹಿಂದಿನ ಸಂಜೆಯೇ ಬಕೆಟ್ಟಿನ ನೀರಿನಲ್ಲಿ ನೆನೆಹಾಕಿದ್ದೆ. ನನ್ನ ತಾಯಿ ಹಾಗೆಯೇ ಮಾಡುತ್ತಿದ್ದಳು. ನೆನೆಸದಿದ್ದರೆ ಪಾಕ ಕಟ್ಟಿಗೆಗೆ ಅಂಟುತ್ತದೆ.

ಎಣಿಸಿದರೆ ಬಕೆಟ್ಟಿನಲ್ಲಿ ಏಳೇ ಜೋಡಿ. ಒಂಟೆ ಇರಲಿಲ್ಲ. ಕೇಳಿದ್ದಕ್ಕೆ ಮೊಮ್ಮಗಳು ಒಂದು ಕಣ್ಣು ತೆರೆದು, ಅದು ತನ್ನ ಪೆನ್ಸಿಲ್ ಡಬ್ಬಿ ಎಂದಳು. ಭಾನುವಾರ ಎತ್ತಿಟ್ಟುಕೊಂಡಿದ್ದಳಂತೆ. ತಂದುಕೊಟ್ಟಳು. ನೆನೆಯದ ಅಚ್ಚು ಪ್ರಯೋಜನವಿಲ್ಲ, ಎಲ್ಲದಕ್ಕೂ ಒಂದು ಕ್ರಮ ಇರುತ್ತದೆ ಎಂದು ಗದರಿಸಿ ಅದನ್ನು ಬದಿಗಿಟ್ಟೆ.

ಸೊಸೆ ಒಂಬತ್ತಕ್ಕೆ ಕೆಲಸಕ್ಕೆ ಹೋದಳು. ನಾನು ಆನೆಯಿಂದ ಶುರು ಮಾಡಿದೆ. ತುಂಬಿ, ಒತ್ತಿ, ದಾರ ಕಟ್ಟಿ, ಐದು ನಿಮಿಷ ಬಿಟ್ಟು ಬಿಚ್ಚಿದೆ. ಸೊಂಡಿಲು ಅಚ್ಚಿನಲ್ಲೇ ಉಳಿಯಿತು. ಗಿಳಿಗೆ ಮುಖ ಇರಲಿಲ್ಲ. ಕುದುರೆ ಎರಡು ತುಂಡು. ಹಿಟ್ಟು ಇನ್ನೂ ಗಟ್ಟಿ ಇರಬೇಕೆಂದು ಪುಟಾಣಿ ಹಿಟ್ಟು ಸೇರಿಸಿದೆ, ಇನ್ನಷ್ಟು ಹೊತ್ತು ಬಿಟ್ಟೆ, ಜೋರಾಗಿ ಒತ್ತಿದೆ. ಹನ್ನೊಂದು ಗಂಟೆಗೆ ಅರ್ಧ ಹಿಟ್ಟು ಮುಗಿದಿತ್ತು, ಒಂದು ಪ್ರಾಣಿಯೂ ಇಡಿಯಾಗಿ ಹೊರಬಂದಿರಲಿಲ್ಲ. ಮೊಮ್ಮಗಳು ತನಗೆ ಹೊಟ್ಟೆ ನೋಯುತ್ತಿದೆ, ಸಂಜೆಗೂ ನೋಯಬಹುದು ಎಂದಳು.

ಆ ಹೊತ್ತಿಗೆ ಪಕ್ಕದ ಮನೆಯಾಕೆ ಬಂದರು. ಹೊಲಿಗೆ ಮಾಡುವವರು, ಲಂಗದ ಕುಪ್ಪಸಕ್ಕೆ ಗುಂಡಿ ಹಚ್ಚಿ ತಂದಿದ್ದರು. ಇಪ್ಪತ್ತು ವರ್ಷದ ನೆರೆ ನಮ್ಮದು. ರಂಜಾನಿಗೆ ಅವರ ಶಾವಿಗೆಯ ಸುರಕುಂಬಾ ಪಾಯಸ ನಮ್ಮ ಮನೆಗೆ ಬರುತ್ತದೆ, ಪಂಚಮಿಗೆ ನಮ್ಮ ಉಂಡೆ ಅಲ್ಲಿಗೆ ಹೋಗುತ್ತದೆ. ಪರಾತದಲ್ಲಿ ಸಾಲಾಗಿ ಮಲಗಿದ್ದವನ್ನು ನೋಡಿ ನಿಂತರು.

"ಇದೇನ್ರೀ ಅಕ್ಕೋರ, ಎಮ್ಮಿ ಕರಾನ?"

"ಆನಿ."

"ಹೌದನ್ರಿ. ಇದರ ಸೊಂಡಿ ಎಲ್ಲಿ ಹೋಗೇತಿ?"

ಅಚ್ಚಿನಲ್ಲಿದೆ ಎಂದೆ. ಅವರು ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕರು. ಆಮೇಲೆ ಆನೆಯ ಬೆನ್ನು ಮುರಿದು ತಿಂದು, ರುಚಿ ಭಾಳ ಛಲೋ ಐತಿ, ರೂಪಷ್ಟ ಇಲ್ಲ ಎಂದರು. ಮುರಿದ ಕುದುರೆಯನ್ನು ಮನೆಗೆ ಒಯ್ದರು.

ಅವರನ್ನು ಕಳಿಸಿ ನಾನು ಅಚ್ಚುಗಳ ಮೂಲೆಯಲ್ಲಿ ಹತ್ತಿದ್ದ ಹಿಟ್ಟನ್ನು ಕಡ್ಡಿಯಿಂದ ತೆಗೆಯುತ್ತ ಬಚ್ಚಲಲ್ಲಿ ಕುಳಿತೆ. ಆಗದ ಮಾತು ಕೊಟ್ಟೆ ಎಂದು ಒಪ್ಪಿಕೊಳ್ಳುವುದನ್ನು ಮನಸ್ಸಿನಲ್ಲೇ ಸಿದ್ಧಮಾಡಿಕೊಳ್ಳುತ್ತಿದ್ದೆ. ಒಳಗಿನಿಂದ ಟಕ್ ಟಕ್ ಎಂದು ಸದ್ದು ಬಂತು. ಮೊಮ್ಮಗಳು ತುಪ್ಪ ಹತ್ತಿದ ಕೈಯಿಂದಲೇ ಉಳಿದ ಹಿಟ್ಟನ್ನು ಒಂಟೆಯ ಅಚ್ಚಿಗೆ ತುರುಕಿ, ನೆಲಕ್ಕೆ ಕುಟ್ಟುತ್ತಿದ್ದಳು. ಕಟ್ಟಿಗೆ ಒಡೆದೀತು ಎಂದು ಕೂಗುವಷ್ಟರಲ್ಲಿ ಬಿಚ್ಚಿಬಿಟ್ಟಳು.

ಒಂಟೆ ಪೂರ್ತಿಯಾಗಿ ಹೊರಬಂತು. ಕುತ್ತಿಗೆ, ಡುಬ್ಬ, ನಾಲ್ಕು ಕಾಲು, ಬೆನ್ನ ಮೇಲೆ ಹೊದಿಸಿದ ಜೂಲಿನ ಗೆರೆಗಳೂ ಸಹ.

ನಾನು ಬಚ್ಚಲ ಬಾಗಿಲಲ್ಲೇ ನಿಂತೆ. ಏಳು ಅಚ್ಚು ನೆನೆದಿದ್ದವು, ಒಂದು ಒಣಗಿತ್ತು. ನೆನೆದ ಕಟ್ಟಿಗೆ ಸಕ್ಕರೆ ಪಾಕವನ್ನು ಬಿಡುತ್ತದೆ. ಹಿಟ್ಟಿಗಾದರೆ ನೀರು ಕೊಟ್ಟು ಮೆತ್ತಗೆ ಮಾಡಿ ಹಿಡಿದುಕೊಳ್ಳುತ್ತದೆ. ಒಣ ಅಚ್ಚು, ಮೇಲೆ ತುಪ್ಪದ ಕೈ, ಅಷ್ಟೇ ಬೇಕಾಗಿದ್ದದ್ದು. ಇದು ಬೆಳಿಗ್ಗೆಯೇ ಹೊಳೆಯಬೇಕಿತ್ತು. ಕ್ರಮ ತಪ್ಪಿತ್ತು ಎಂದು ಅವಳನ್ನು ಗದರಿಸಿದವಳು ನಾನೇ.

"ನಂದ ತಪ್ಪವ್ವ," ಎಂದೆ. "ನೆನಿ ಹಾಕಬಾರದಿತ್ತು."

ಅವಳ ಬಾಯಿ ತುಂಬಿತ್ತು. ಎರಡನೆಯ ಒಂಟೆಯ ಡುಬ್ಬ ಹೆಚ್ಚಾಗಿ ಉಬ್ಬಿದೆ ಎಂದು ಅದನ್ನು ಕಿತ್ತು ತಿನ್ನುತ್ತಿದ್ದಳು. ಪೇರಲ ಗಿಡದ ಬುಡದಲ್ಲಿ ಸಿಕ್ಕಿದ್ದೂ ಇದೇ ಸಜ್ಜೆ, ಇದೇ ಎಳ್ಳು.

ಅಚ್ಚುಗಳನ್ನು ಒರೆಸಿ ಮಾಳಿಗೆಯ ಬಿಸಿಲಿಗೆ ಹಾಕಿದೆವು. ಮೂರು ಗಂಟೆಗೆ ಆನೆ, ಗಿಳಿ, ಕುದುರೆ ಒಣಗಿದ್ದವು. ಉಳಿದವು ಒಳಗೆ ಇನ್ನೂ ತಂಪಾಗಿದ್ದುದರಿಂದ ಕೈಬಿಟ್ಟೆ. ಮತ್ತೊಂದು ಪಾವು ಹಿಟ್ಟು ಹುರಿದೆ. ತುಪ್ಪ ಸವರುವ ಕೆಲಸ ಅವಳದು, ಒತ್ತುವುದು ನನ್ನದು, ಕುಟ್ಟಿ ತೆಗೆಯುವುದು ಮತ್ತೆ ಅವಳದು. ಐದೂವರೆಗೆ ತಾಟು ತುಂಬಿತು. ಹೊಟ್ಟೆನೋವಿನ ಸುದ್ದಿ ಇರಲಿಲ್ಲ. ಕೆಲಸದಿಂದ ಬಂದ ಸೊಸೆ ತಾಟು ನೋಡಿ, ಕಪಾಟಿನಿಂದ ಲಂಗ ತೆಗೆದು ಇಸ್ತ್ರಿ ಮಾಡಿದಳು.

ಗುಡಿಗೆ ನಾನೂ ಹಿಂದೆ ಹಿಂದೆ ನಡೆದೆ. ಓಣಿಯ ಹುಡುಗಿಯರ ಬಿಳಿ ಆರತಿಗಳ ನಡುವೆ ನಮ್ಮ ತಾಟು ಎದ್ದು ಕಾಣುತ್ತಿತ್ತು. ಎದುರು ಮನೆಯ ಹುಡುಗಿ ಬಗ್ಗಿ ನೋಡಿದಳು.

"ನಿಮ್ಮ ಒಂಟಿ ಯಾಕ ಹಿಂಗ ಕೆಂಪಗೈತಿ? ಸೀದೈತೇನ?"

"ಒಂಟಿ ಕೆಂಪಗ ಇರತೈತಿ," ಎಂದಳು ನಮ್ಮವಳು. "ನೀ ಬೆಳ್ಳಗಿಂದು ಎಲ್ಲಿ ನೋಡಿಯೇ?"

ಪೂಜೆ ಮುಗಿದ ಮೇಲೆ ಹುಡುಗಿಯರು ಆರತಿಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಂಟೆಗಳೆಲ್ಲ ಹೋದವು, ತಾಟಿನಲ್ಲಿ ಬಂದದ್ದು ಆರು ಬಿಳಿ ಸಕ್ಕರೆ ಪ್ರಾಣಿಗಳು. ಮನೆಗೆ ಬಂದವಳೇ ಅವನ್ನು ಪುಸ್ತಕದ ಗೂಡಿನಲ್ಲಿ ಸಾಲಾಗಿ ನಿಲ್ಲಿಸಿ, ಇವು ಆಟಕ್ಕೆ, ತಿನ್ನಲಿಕ್ಕಲ್ಲ, ಬೇಕಾದರೆ ಎಣಿಸಿಕೋ ಎಂದಳು. ಎಣಿಸಿದೆ. ಆರು ಇದ್ದವು. ಒಂದು ಕುದುರೆಗೆ ಮಾತ್ರ ಮೂರೇ ಕಾಲು.

ಊಟದ ನಂತರ, ಎಂಟು ಗಂಟೆಗೆ, ಅಚ್ಚುಗಳನ್ನು ಒಣ ಬಟ್ಟೆಯಿಂದ ಒರೆಸಿದೆ. ಏಳು ಜೋಡಿಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟೆ. ಎಂಟನೆಯದಕ್ಕೆ ಪೆನ್ಸಿಲ್ ತುಂಬಿ ಅವಳ ಪುಸ್ತಕಗಳ ಪಕ್ಕದಲ್ಲಿಟ್ಟು, ಟ್ರಂಕಿನ ಚಿಲಕ ಹಾಕಿದೆ.