ಸೀಲು ಬಿದ್ದ ರೆಕಾರ್ಡು

ತಿಪ್ಪಸಂದ್ರದ ಪ್ರತಿಮಾ ಸೈಕಾಲಜಿ ತಗೊಂಡದ್ದು ಆಸೆಪಟ್ಟು ಅಲ್ಲ. ಮಾಗಡಿಯ ಒಂದು ಖಾಸಗಿ ಕಾಲೇಜಿನಲ್ಲಿ ಬಿ.ಎ. ಸೇರಲು ಹೋದ ದಿನ ಬಸ್ಸು ತಡವಾಗಿ ಬಂತು. ಅಷ್ಟರಲ್ಲಿ ಬೇರೆ ವಿಷಯಗಳೆಲ್ಲ ಭರ್ತಿಯಾಗಿದ್ದವು. ಗುಮಾಸ್ತ ತಲೆ ಕೂಡ ಎತ್ತದೆ ಅವಳ ಹೆಸರಿನ ಮುಂದೆ ಸೈಕಾಲಜಿ ಎಂದು ಬರೆದುಕೊಂಡ. ಆ ಪದದ ಸ್ಪೆಲಿಂಗ್ ಬಾಯಿಗೆ ಬರಲು ಅವಳಿಗೆ ಒಂದು ವಾರ ಹಿಡಿಯಿತು, ಊರಿಗೆ ಮಾತ್ರ ಅದರ ಅರ್ಥ ಒಂದೇ ದಿನಕ್ಕೆ ಗೊತ್ತಾಗಿಹೋಯಿತು: ಹುಚ್ಚರ ಓದು. ಡೈರಿಗೆ ಹಾಲು ಹಾಕಲು ಹೋದರೆ ಸಾಲಿನಲ್ಲಿ ನಿಂತವರು, ನಮ್ ಮನಸಲ್ಲಿ ಏನೈತೆ ಹೇಳವ್ವ ನೋಡೋಣ ಎಂದು ರೇಗಿಸುವರು. ಕುಲದ ನ್ಯಾಯಕ್ಕೆಲ್ಲ ಮುಂದೆ ಕೂರುವ ಬೋರಲಿಂಗಯ್ಯ, ಸಂಬಂಧದಲ್ಲಿ ಅವಳಿಗೆ ದೊಡ್ಡಪ್ಪ, ಇದು ಹುಚ್ಚು ಬಿಡಿಸೋ ಓದೋ ಹಿಡಿಸೋ ಓದೋ ಎಂದು ಕೇಳಿ ತಾವೇ ನಕ್ಕಿದ್ದರು.

ಆದರೆ ಆರು ವಾರ ಕಳೆಯುವಷ್ಟರಲ್ಲಿ ಅವಳಿಗೆ ಆ ಓದಿನ ರುಚಿ ಹತ್ತಿತು. ಪಾಠ ಮಾಡುವ ಮೇಡಂ ಗೆಸ್ಟ್ ಲೆಕ್ಚರರ್, ಮೂರು ಕಾಲೇಜು ಸುತ್ತುವವರು. ಬಂದರು, ನೋಟ್ಸ್ ಬರೆಸಿದರು, ಬಸ್ಸಿಗೆ ಓಡಿದರು. ಆ ನೋಟ್ಸಿನಲ್ಲೇ ಪ್ರತಿಮಾಳಿಗೆ ಹೊಸ ಲೋಕ ಕಂಡಿತು. ಮನಸ್ಸು ಕೆಟ್ಟರೆ ದೆವ್ವ, ದೃಷ್ಟಿ, ಸೋಮಾರಿತನ ಎಂಬ ಮೂರೇ ಕಾರಣ ಕೇಳಿ ಬೆಳೆದವಳು ಅವಳು. ಈಗ ಒಂದೊಂದಕ್ಕೂ ಒಂದು ಹೆಸರು, ಹೆಸರಿನ ಕೆಳಗೆ ಎಂಟೊಂಬತ್ತು ಲಕ್ಷಣ. ಊರಿನವರನ್ನೆಲ್ಲ ಅವಳು ಒಳಗೊಳಗೇ ಈ ಪಟ್ಟಿಗೆ ಹೊಂದಿಸಿ ನೋಡತೊಡಗಿದಳು. ಹತ್ತೊಂಬತ್ತು ವರ್ಷ, ಅರ್ಧ ಸೆಮಿಸ್ಟರಿನ ಓದು. ಇಷ್ಟಕ್ಕೇ ತಲೆ ತಿರುಗಿದ್ದರೆ ಅವಳನ್ನು ಬೈದು ಪ್ರಯೋಜನವಿಲ್ಲ.

ದಸರಾ ರಜೆಗೆ ಮೇಡಂ ಒಂದು ಕೇಸ್ ಸ್ಟಡಿ ಬರೆದು ತನ್ನಿ ಎಂದರು. ಗೊತ್ತಿರುವ ಒಬ್ಬರನ್ನು ಮೂರು ಸಲ ಕೂರಿಸಿ ಮಾತಾಡಿಸಬೇಕು, ಅವರು ಆಡಿದ ಮಾತನ್ನು ಆಡಿದ ಹಾಗೇ ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು, ಹೆಸರು ಹಾಕಬಾರದು, ಮೊದಲಕ್ಷರ ಸಾಕು. ಯಾಕೆ ಹಾಕಬಾರದು ಎಂಬುದು ಕೊನೆಯ ಯೂನಿಟ್ಟಿನಲ್ಲಿತ್ತು. ಆ ಯೂನಿಟ್ಟು ಡಿಸೆಂಬರಿಗೆ ಬರುತ್ತಿತ್ತು.

ಪ್ರತಿಮಾ ದೂರ ಹೋಗಲಿಲ್ಲ. ಅಣ್ಣ ಮನೋಹರನ ಹೆಂಡತಿ ರಾಧಾಮಣಿ ಮನೆಯಲ್ಲೇ ಇದ್ದಳು, ಇಪ್ಪತ್ನಾಲ್ಕರ ಬಾಣಂತಿ, ನಾಲ್ಕು ತಿಂಗಳ ಕೂಸಿನ ತಾಯಿ. ಆಗ ಮನೆಯಲ್ಲಿ ರೇಷ್ಮೆ ಹುಳ ಸಾಕಿದ್ದರು. ಹುಳ ಪೊರೆ ಬಿಡುವ ನಾಲ್ಕನೇ ಜ್ವರ ಕಳೆದು ಎದ್ದ ಮೇಲೆ ಸೊಪ್ಪು ಎಷ್ಟು ಹಾಕಿದರೂ ಸಾಲದು, ಹಾಕುವವರಿಗೆ ನಿದ್ದೆಯಿಲ್ಲ. ಅತ್ತಿಗೆ ಸೊಪ್ಪಿನ ಮಂಕರಿ ಹಿಡಿದುಕೊಂಡು ಹುಳದ ಮನೆಯ ಬಾಗಿಲಲ್ಲಿ ಸುಮ್ಮನೆ ನಿಂತುಬಿಡುವುದನ್ನು ಪ್ರತಿಮಾ ಎರಡು ಸಲ ನೋಡಿದ್ದಳು. ಒಳಗೆ ಕೂಸು ಅಳುತ್ತಿದ್ದರೂ ಕಿವಿಗೆ ಬಿದ್ದಂತೆ ಕಾಣುತ್ತಿರಲಿಲ್ಲ. ಅವ್ವ ಶಿವಲಿಂಗಮ್ಮನ ಪಾಲಿಗೆ ಅದು ಸೊಸೆಯ ಮೈಗಳ್ಳತನ, ಪ್ರತಿಮಾಳ ನೋಟ್ಸಿನ ಪ್ರಕಾರ ಲಕ್ಷಣ.

ಮೂರು ಸಂಜೆ ಇಬ್ಬರೂ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತರು. ಮೊದಲ ದಿನ ರಾಧಾಮಣಿ ನಾಚಿಕೊಂಡಳು, ನನ್ನದೇನು ಬರೆಯುತ್ತೀಯ ಎಂದಳು. ಎರಡನೇ ದಿನ ಮಾತು ಬಂತು. ಮೂರನೇ ದಿನ ಅದು ನಿಲ್ಲಲೇ ಇಲ್ಲ. ಕಣ್ಣು ಮುಚ್ಚಿದರೆ ಎದೆ ಹೊಡೆದುಕೊಳ್ಳುತ್ತದೆ, ಅನ್ನ ಇಳಿಯುವುದಿಲ್ಲ, ಉಟ್ಟ ಸೀರೆಯಲ್ಲೇ ಎತ್ತಲಾದರೂ ನಡೆದುಬಿಡೋಣ ಎನ್ನಿಸುತ್ತದೆ ಎಂದೆಲ್ಲ ಹೇಳಿ, ಕೊನೆಗೆ ದನಿ ತಗ್ಗಿಸಿ ಅಂದಳು:

“ಒಂದೊಂದ್ ದಪ ಕೂಸು ಅಳ್ತಾನೇ ಇರ್ತದಲ್ಲ, ಎತ್ಕೊಂಡೋಗಿ ಬಾವಿಗಾಕ್ಬುಡೋಣ ಅನ್ನುಸ್ತದೆ ಕಣವ್ವ. ಆಮೇಲೆ ನಂಗೇ ಮೈ ನಡುಗ್ತದೆ.”

ಹೇಳಿ ಹಗುರಾದಳು. ಮದುವೆಯಾಗಿ ಬಂದು ಎರಡು ವರ್ಷದಲ್ಲಿ ನಿನಗೆ ಹೇಗಿದೆ ಎಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಕೂಸಿಗೆ ನೀರು ಹಾಕುತ್ತ ಅವಳು ನಕ್ಕಿದ್ದನ್ನು ಪ್ರತಿಮಾ ಕಂಡಳು. ಅದನ್ನು ರೆಕಾರ್ಡಿನಲ್ಲಿ ಬರೆಯಲಿಲ್ಲ, ನಗು ಯಾವ ಲಕ್ಷಣದ ಪಟ್ಟಿಯಲ್ಲೂ ಇರಲಿಲ್ಲ.

ಹೆಸರು ಹಾಕಬಾರದೆಂಬ ಮಾತನ್ನು ಮಾತ್ರ ಅವಳು ಅಚ್ಚುಕಟ್ಟಾಗಿ ಪಾಲಿಸಿದಳು. ಹೆಸರು: ರಾ. ಅದರ ಕೆಳಗಿನ ಸಾಲು, ಸಂಬಂಧ: ಅತ್ತಿಗೆ. ಅವಳಿಗೆ ಇದ್ದವಳು ಒಬ್ಬಳೇ ಅತ್ತಿಗೆ. ಬಾವಿಯ ಮಾತನ್ನು ಆಡಿದ ಹಾಗೇ ಬರೆದು, ಕೊನೆಗೆ ದಪ್ಪಕ್ಷರದಲ್ಲಿ ಪ್ರಸವಾನಂತರದ ಖಿನ್ನತೆ ಎಂದು ಕಾಯಿಲೆಯ ಹೆಸರು ಬರೆದು ಸ್ಕೇಲಿಟ್ಟು ಗೆರೆ ಎಳೆದಳು. ಮೇಡಂ ಹತ್ತಕ್ಕೆ ಹತ್ತು ಕೊಟ್ಟರು. ಕೆಂಪು ಶಾಯಿಯಲ್ಲಿ ಸಹಿ ಹಾಕಿ, ಕೆಳಗೆ ವಿಭಾಗದ ದುಂಡು ಸೀಲು ಒತ್ತಿದರು. ಇಡೀ ತರಗತಿಗೆ ಪುಸ್ತಕ ಎತ್ತಿ ತೋರಿಸಿ, ಬರೆದರೆ ಹೀಗೆ ಬರೆಯಬೇಕು ಎಂದರು. ಪ್ರತಿಮಾ ಅದನ್ನು ಮನೆಗೆ ತಂದು ಟೀವಿ ಸ್ಟ್ಯಾಂಡಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟಳು.

ಮನೋಹರ್ ಓದಿದ. ಅವನು ಕೂಗಾಡುವ ಗಂಡಸಲ್ಲ, ಮಾತು ಕಡಿಮೆ. ಅವ್ವನಿಗೆ ಅಕ್ಷರ ಬಾರದು, ಬಾವಿಯ ಸಾಲನ್ನು ಓದಿ ಹೇಳಿದ. ಶಿವಲಿಂಗಮ್ಮ ಸೊಸೆಯ ಕೈಯಿಂದ ಕೂಸನ್ನು ಕಿತ್ತುಕೊಂಡದ್ದು ಆಗ. ಅವಳದು ನಾಟಕವಲ್ಲ, ನಿಜವಾದ ಹೆದರಿಕೆ. ಅದಕ್ಕೇ ಅದರ ಮುಂದೆ ಯಾರ ಮಾತೂ ನಡೆಯಲಿಲ್ಲ.

ನಾಲ್ಕನೇ ದಿನ ಜಗುಲಿಯ ಮೇಲೆ ನ್ಯಾಯ ಕೂತಿತು. ಗುಡೇಮಾರನಹಳ್ಳಿಯಿಂದ ರಾಧಾಮಣಿಯ ತಂದೆ ರಾಮಲಿಂಗಯ್ಯ ಬಂದರು. ಬಾಣಂತಿ ಸುಸ್ತಿನಲ್ಲಿ ಏನೋ ಅಂದಿರಬಹುದು, ಹೆಣ್ಣುಮಕ್ಕಳು ಅನ್ನುವುದಿಲ್ಲವೇ ಎಂದು ಕೈಮುಗಿದರು. ಬೋರಲಿಂಗಯ್ಯ ರೆಕಾರ್ಡ್ ಪುಸ್ತಕ ತರಿಸಿ, ಕನ್ನಡಕ ಏರಿಸಿ ಪುಟ ತಿರುವಿದರು. ಬರೆದದ್ದಕ್ಕಿಂತ ಸೀಲನ್ನೇ ಹೆಚ್ಚು ಹೊತ್ತು ನೋಡಿದರು. ಡಾಕ್ಟರ ಸರ್ಟಿಫಿಕೇಟಿಗೂ ಜಮೀನಿನ ಪತ್ರಕ್ಕೂ ಬೀಳುವಂಥದೇ ದುಂಡು ಸೀಲು.

“ಇದು ಬಾಯ್ಮಾತಲ್ಲ ಕಣಪ್ಪ ರಾಮಲಿಂಗಯ್ಯ. ಕಾಲೇಜಿನೋರೇ ಕಾಯ್ಲೆ ಅಂತ ಬರ್ದು ಸೀಲಾಕವ್ರೆ,” ಎಂದು ಪ್ರತಿಮಾಳ ಕಡೆ ತಿರುಗಿದರು. “ಇದು ನಿನ್ ಬರವಣಿಗೆನಾ ಮಗ? ಈ ಸೈನು ನಿಮ್ ಮೇಡಮ್ದಾ?”

ಬಾಗಿಲ ಮರೆಯಲ್ಲಿ ರಾಧಾಮಣಿ ನಿಂತಿದ್ದಳು. ಎದೆಯ ಹಾಲು ಸೋರಿ ರವಿಕೆ ಒದ್ದೆಯಾಗಿತ್ತು. ಪ್ರತಿಮಾ ಅವಳನ್ನು ನೋಡಲಿಲ್ಲ.

“ಹೂಂ, ದೊಡ್ಡಪ್ಪ. ಆದ್ರೆ ಅದು...”

“ಕೇಳಿದ್ದುಕ್ಕೆ ಹೇಳ್ದಲ್ಲ, ಸಾಕು.”

ಸಾಕಾಗಿರಲಿಲ್ಲ. ಇದು ಹೋಂವರ್ಕು, ಅಂಕಕ್ಕೆ ಬರೆದದ್ದು, ನಾನು ಡಾಕ್ಟರಲ್ಲ, ನಮ್ಮ ಮೇಡಮ್ಮೂ ಅಲ್ಲ, ಒಸಿ ನಿದ್ದೆ ಮಾಡಲು ಬಿಟ್ಟಿದ್ದರೆ ಅತ್ತಿಗೆ ಸರಿಹೋಗುತ್ತಿದ್ದಳು. ಇಷ್ಟೂ ಅವಳ ನಾಲಿಗೆಯ ತುದಿಯಲ್ಲಿತ್ತು. ಎದುರಿಗೆ ಅವ್ವ, ಪಕ್ಕದಲ್ಲಿ ಅಣ್ಣ. ನಾಳೆ ಕಾಲೇಜಿಗೆ ಕಳಿಸಬೇಕಾದವರು ಅವರೇ. ಅವಳು ಬಾಯಿ ಮುಚ್ಚಿಕೊಂಡಳು. ಅದನ್ನು ಹೇಡಿತನ ಎಂದೇ ಕರೆಯಬೇಕು, ಆಮೇಲೆ ಅವಳೂ ಹಾಗೇ ಕರೆದುಕೊಂಡಳು.

ವಾಸಿಯಾಗುವ ತನಕ ರಾಧಾಮಣಿ ತವರಲ್ಲಿರಲಿ, ಕೂಸು ಇಲ್ಲಿರಲಿ ಎಂದು ತೀರ್ಮಾನವಾಯಿತು. ಅವಳು ಹೋದ ಸಂಜೆ ಕೂಸು ಪ್ಯಾಕೆಟ್ ಹಾಲಿಗೆ ಬಾಯಿ ಬಿಡದೆ ಉಸಿರು ಕಟ್ಟುವಂತೆ ಅತ್ತಿತು. ರಾಮಲಿಂಗಯ್ಯ ಮಗಳನ್ನು ಡಾಕ್ಟರ ಹತ್ತಿರ ಕರೆದೊಯ್ದರು. ಅವರು ಪರೀಕ್ಷೆ ಮಾಡಿ, ಹೆದರುವಂಥದ್ದೇನಿಲ್ಲ, ಮಗು ಜೊತೆಗಿರಲಿ, ನಿದ್ದೆ ಮಾಡಲಿ ಎಂದು ಚೀಟಿ ಬರೆದರು. ತಿಪ್ಪಸಂದ್ರದಲ್ಲಿ ಆ ಚೀಟಿ ನಡೆಯಲಿಲ್ಲ. ಅದರಲ್ಲಿ ಕಾಯಿಲೆಯ ಹೆಸರೇ ಇರಲಿಲ್ಲ, ಇವರ ಕಾಗದದಲ್ಲಿ ಹೆಸರಿತ್ತು.

ಡಿಸೆಂಬರಿನಲ್ಲಿ ಕೊನೆಯ ಯೂನಿಟ್ಟು ಬಂತು. ಒಬ್ಬರ ಗುಟ್ಟನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ಬಿಡಬಾರದು, ಕಲಿಯುವವರು ಕಾಯಿಲೆಯ ಹೆಸರು ಹೇಳಬಾರದು ಎಂದೆಲ್ಲ ಅದರಲ್ಲಿತ್ತು. ಮೇಡಂ ಒಂದೇ ಪೀರಿಯಡ್ಡಿನಲ್ಲಿ ಮುಗಿಸಿ, ಇದರಿಂದ ಪ್ರಶ್ನೆ ಬರುವುದಿಲ್ಲ ಎಂದರು. ಪ್ರತಿಮಾ ಬಸ್ ಸ್ಟ್ಯಾಂಡಿನವರೆಗೂ ಅವರ ಹಿಂದೆ ಹೋಗಿ ಆದದ್ದನ್ನೆಲ್ಲ ಹೇಳಿದಳು. ಮೇಡಂ ಬಿಳುಚಿಕೊಂಡರು. ರೆಕಾರ್ಡನ್ನು ಮನೆಯವರ ಕೈಗೆ ಸಿಗುವ ಹಾಗೆ ಯಾಕಿಟ್ಟೆ, ನನ್ನ ಹೆಸರು ಎಲ್ಲೂ ಬರಬಾರದು ಎಂದು ಬಸ್ಸು ಹತ್ತಿದರು. ಜನವರಿಯಲ್ಲಿ ಪರೀಕ್ಷೆ ಮುಗಿಯುವಷ್ಟರಲ್ಲಿ ಅವರ ಗೆಸ್ಟ್ ಅವಧಿಯೂ ಮುಗಿದು, ಅವರು ಎಲ್ಲಿಗೆ ಹೋದರೆಂದು ಕಾಲೇಜಿನಲ್ಲಿ ಯಾರಿಗೂ ತಿಳಿದಿರಲಿಲ್ಲ.

ಕೊನೆಯ ಪೇಪರಿನ ಮರುದಿನ ಪ್ರತಿಮಾ ಮನೆಯಲ್ಲಿ ಹೇಳದೆ ಗುಡೇಮಾರನಹಳ್ಳಿಗೆ ಹೋದಳು. ದಾರಿಯುದ್ದಕ್ಕೂ ತಪ್ಪೊಪ್ಪಿಕೊಳ್ಳುವ ಮಾತನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದಳು. ಅಂಗಳದಲ್ಲಿ ರಾಧಾಮಣಿ ಅವರೆಕಾಯಿ ಸುಲಿಯುತ್ತಿದ್ದಳು. ಕೆನ್ನೆ ಒಳಗೆ ಹೋಗಿತ್ತು. ಬಂದ ಹೊಸದರಲ್ಲಿ ಹಾಲು ಬತ್ತಲೆಂದು ತಾಯಿ ಅವಳ ಎದೆಗೆ ದುಂಡುಮಲ್ಲಿಗೆ ಕಟ್ಟಿದ್ದರಂತೆ, ಹದಿನೈದು ದಿನ. ಈಗ ಬತ್ತಿದೆ ಎಂದು ತಾಯಿಯೇ ಹೇಳಿ ಒಳಗೆ ಹೋದರು.

ಪ್ರತಿಮಾ ಮೊಬೈಲಿನಲ್ಲಿ ಕೂಸಿನ ವೀಡಿಯೊ ತೋರಿಸಿದಳು. ಬೋರಲು ಬಿದ್ದು ಅಂಬೆಗಾಲಿಡಲು ನೋಡುತ್ತಿತ್ತು. ರಾಧಾಮಣಿ ಆರು ಸಲ ನೋಡಿದಳು, ಅಳಲಿಲ್ಲ.

“ಅತ್ತಿಗೆ, ನಾನು ಬರ್ದಿದ್ದು ತಪ್ಪಾಯ್ತು...”

“ತಪ್ಪೇನಿಲ್ಲ ಬುಡವ್ವ. ನೀ ಓದಿದೋಳು, ಸರಿಯಾಗೇ ಬರ್ದಿದ್ದೀಯ. ನಂಗೆ ಕಾಯ್ಲೆ ಇತ್ತು,” ಎಂದು ರಾಧಾಮಣಿ ಮೊರವನ್ನು ಪಕ್ಕಕ್ಕೆ ಸರಿಸಿದಳು. “ಈಗ ವಾಸಿ ಆಗೈತೆ ಅಂತ ಅದುರ್ ಕೆಳಗೇ ಒಂದ್ ಸಾಲು ಬರ್ದು, ಆ ಮೇಡಮ್ಮೋರತ್ರ ಸೀಲ್ ಹಾಕುಸ್ಕೊಡು. ಹೋದ್ ಸತಿ ಏನೇನೋ ಹೇಳ್ಬುಟ್ಟೆ. ಈ ಸತಿ ಕೇಳು, ಸರಿಯಾಗಿ ಹೇಳ್ತೀನಿ.”

ಮೇಡಂ ಇಲ್ಲ, ಸೀಲೂ ಇಲ್ಲ, ಇದ್ದರೂ ಆ ಸೀಲಿಗೆ ಬೆಲೆಯಿಲ್ಲ ಎಂದು ಹೇಳಬೇಕಿತ್ತು. ರಾಧಾಮಣಿ ಅಷ್ಟರಲ್ಲಿ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಪರೀಕ್ಷೆಗೆ ಕೂತವರ ಹಾಗೆ ಅವಳ ಮುಖವನ್ನೇ ನೋಡುತ್ತ ಕೂತಿದ್ದಳು. ಬೇರೇನೂ ತೋಚದೆ ಪ್ರತಿಮಾ ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು.

“ನಿದ್ದೆ ಬರ್ತದಾ ಅತ್ತಿಗೆ?”

“ಚೆಂದಾಗಿ ಬತ್ತದೆ.”

“ಊಟ?”

“ಸೇರ್ತದೆ.”

“ಅಳು ಬರ್ತದಾ?”

“ಬರಾಕಿಲ್ಲ,” ಎಂದಳು ರಾಧಾಮಣಿ. ಕಣ್ಣಿಂದ ನೀರಿಳಿದು ಗಲ್ಲದವರೆಗೆ ಬಂದಿತ್ತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ. “ಬರಾಕೇ ಇಲ್ಲ ಅಂತ ಬರ್ಕೊ.”